ಹನ್ನೆರಡು ವರ್ಷಗಳ ನಂತರ ಎಸ್ಟೆಸ್ ಪಾರ್ಕ್: ಜಾಗಗಳು ಸರಿ, ಗಡಿಯಾರ ತಪ್ಪು

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದ್ದೇವೆ. ಹನ್ನೆರಡು ವರ್ಷಗಳ ಹಿಂದೆ, ಓದುವ ಕಾಲದಲ್ಲಿ, ಗೆಳೆಯರ ಜೊತೆ ಕೊಲೊರಾಡೊದ ಎಸ್ಟೆಸ್ ಪಾರ್ಕ್‌ಗೆ ಹೋಗಿದ್ದೆ. ಅಂದಿನಿಂದ ಅದು ನನ್ನ ಮೆಚ್ಚಿನ ಊರು. ಈ ಬಾರಿ ಜೂನ್ ಕೊನೆಯ ವಾರ ಹೆಂಡತಿ, ಹನ್ನೊಂದು ಮತ್ತು ಆರು ವರ್ಷದ ಮಕ್ಕಳು, ಭಾರತದಿಂದ ಬಂದಿರುವ 68 ವರ್ಷದ ಅಮ್ಮ ಎಲ್ಲರನ್ನೂ ಕರೆದುಕೊಂಡು ಐದು ದಿನ ಹೋಗುವ ಆಸೆ. ಅಮ್ಮನಿಗೆ ರಕ್ತದೊತ್ತಡವಿದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ರಾತ್ರಿ ಹೊರಟು ಕಾರಿನಲ್ಲಿ ಒಂದೇ ಓಟಕ್ಕೆ ತಲುಪಿ, ಅದೇ ಮಧ್ಯಾಹ್ನ ಟ್ರೇಲ್ ರಿಡ್ಜ್ ರಸ್ತೆ. ಮರುದಿನ ಬೇರ್ ಲೇಕ್, ಎಮೆರಾಲ್ಡ್ ಲೇಕ್. ಮೂರನೆಯ ದಿನ ಗ್ರ್ಯಾಂಡ್ ಲೇಕ್. ನಾಲ್ಕನೆಯ ದಿನ ಪೈಕ್ಸ್ ಪೀಕ್. ಕೊನೆಗೆ ಡೆನ್ವರ್ ನೋಡಿ ವಾಪಸ್. ಈ ಯೋಜನೆ ಸರಿಯೇ?

ಉತ್ತರ: ನೀವು ಆರಿಸಿದ ಜಾಗಗಳಲ್ಲಿ ಒಂದೂ ತಪ್ಪಿಲ್ಲ. ತಪ್ಪಿರುವುದು ಗಡಿಯಾರ. ‘ಅದೇ ಮಧ್ಯಾಹ್ನ ಟ್ರೇಲ್ ರಿಡ್ಜ್’ ಎಂಬಲ್ಲಿಗೆ ಬರುವಾಗಲೇ ನನ್ನ ತಲೆ ಸಣ್ಣಗೆ ನೋಯತೊಡಗಿತು. ಇದೇ ಎಡವಟ್ಟನ್ನು ನಾನೂ ಮಾಡಿದ್ದೇನೆ, ಅದೂ ಮಾವನವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು.

ಬೆಳಿಗ್ಗೆ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಇಳಿದವರು ಮೂರು ಗಂಟೆಗೆಲ್ಲ ಆ ರಸ್ತೆಯ ನೆತ್ತಿಯ ಮೇಲಿದ್ದೆವು. ಕೆಳಗೆ ಒಳ್ಳೆಯ ಬಿಸಿಲಿತ್ತು. ಮೇಲೆ ಆಕಾಶ ನೋಡನೋಡುತ್ತಿದ್ದಂತೆ ಸೀಸದ ಬಣ್ಣಕ್ಕೆ ತಿರುಗಿ ಕಡಲೆ ಗಾತ್ರದ ಆಲಿಕಲ್ಲು ಕಾರಿನ ಮೇಲೆ ಸುರಿಯಿತು. ಮಗಳು ‘ಹೊಟ್ಟೆ ತೊಳಸುತ್ತಿದೆ’ ಎಂದು ಮಾತು ಮುಗಿಸುವ ಮೊದಲೇ ವಾಂತಿ. ಮಾವ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಸುಮ್ಮನೆ ಕುಳಿತಿದ್ದರು. ಅವರು ಸುಮ್ಮನೆ ಕೂರುವ ಪೈಕಿಯೇ ಅಲ್ಲ. ಇಬ್ಬರ ನಡುವೆ ಒಡೆಯದ ಚಿಪ್ಸ್ ಪೊಟ್ಟಣವೊಂದು ದಿಂಬಿನಂತೆ ಉಬ್ಬಿ ಕುಳಿತಿತ್ತು. ಆ ಪೊಟ್ಟಣವನ್ನು ಸರಿಯಾಗಿ ನೋಡಿದ್ದರೆ ಮಿಕ್ಕಿದ್ದೆಲ್ಲ ಆಗಲೇ ಅರ್ಥವಾಗುತ್ತಿತ್ತು: ಒಳಗಿದ್ದದ್ದು ಬಯಲಿನ ಗಾಳಿ, ಹೊರಗಿದ್ದದ್ದು ಬೆಟ್ಟದ ಗಾಳಿ.

ಡಲ್ಲಾಸ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 430 ಅಡಿ ಎತ್ತರದಲ್ಲಿ. ಎಸ್ಟೆಸ್ ಪಾರ್ಕ್ 7,522 ಅಡಿ. ಟ್ರೇಲ್ ರಿಡ್ಜ್ ರಸ್ತೆಯ ತುತ್ತತುದಿ 12,183 ಅಡಿ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ, ಅಂದರೆ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕವೂ ಅಷ್ಟೇ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಒಂದೆರಡು ರಾತ್ರಿಗಳ ಬಿಡುವು ಬೇಕು. ಕೊಡದಿದ್ದರೆ ತಲೆನೋವು, ವಾಕರಿಕೆ, ಸುಸ್ತು, ನಿದ್ದೆಗೇಡು. ಇವು ಬೆಟ್ಟ ಹತ್ತಿದ ತಕ್ಷಣವೇ ಬರಬೇಕೆಂದಿಲ್ಲ, ಹಲವು ಸಲ ಆರರಿಂದ ಹನ್ನೆರಡು ಗಂಟೆಗಳ ನಂತರ, ಮಲಗುವ ಹೊತ್ತಿಗೆ ಹಣಕಿ ಹಾಕುತ್ತವೆ. ನಿಮ್ಮ ಆರು ವರ್ಷದ ಮಗು ‘ತಲೆ ನೋಯುತ್ತಿದೆ’ ಎಂದು ಹೇಳದೆಯೂ ಇರಬಹುದು. ಊಟ ಬೇಡವೆನ್ನಬಹುದು, ಕಾರಣವಿಲ್ಲದೆ ರಚ್ಚೆ ಹಿಡಿಯಬಹುದು. ಅದನ್ನು ಹಟವೆಂದು ಗದರಿಸಬೇಡಿ.

ಆದ್ದರಿಂದ ಮೊದಲ ತಿದ್ದುಪಡಿ ಪ್ರಯಾಣದ್ದು. ಡಲ್ಲಾಸ್‌ನಿಂದ ಎಸ್ಟೆಸ್ ಪಾರ್ಕ್‌ಗೆ ಸುಮಾರು 850 ಮೈಲಿ. ನಿಲ್ಲದೆ ಓಡಿಸಿದರೂ ಹದಿಮೂರು ಗಂಟೆ, ಮಕ್ಕಳೂ ಹಿರಿಯರೂ ಇದ್ದರೆ ಹದಿನಾರು. ರಾತ್ರಿಯಿಡೀ ನಿದ್ದೆಗೆಟ್ಟು ಬಂದ ದೇಹವನ್ನು ಬೆಟ್ಟ ಇನ್ನೂ ಚೆನ್ನಾಗಿ ಆಡಿಸುತ್ತದೆ. ಐದೇ ದಿನವಾದರೆ ವಿಮಾನದಲ್ಲಿ ಡೆನ್ವರ್‌ಗೆ ಬಂದು ಕಾರು ಬಾಡಿಗೆಗೆ ಪಡೆಯಿರಿ. ಕಾರಿನಲ್ಲೇ ಬರಬೇಕೆಂಬ ಹಂಬಲವಿದ್ದರೆ ರಜೆಗೆ ಇನ್ನೊಂದು ದಿನ ಸೇರಿಸಿ ಅಮರಿಲ್ಲೊದಲ್ಲಿ ರಾತ್ರಿ ತಂಗಿ. ಹೇಗೆ ಬಂದರೂ ಊರು ತಲುಪಿದ ದಿನ ಏನನ್ನೂ ಇಟ್ಟುಕೊಳ್ಳಬೇಡಿ. ನೀರು ಕುಡಿಯಿರಿ, ಬಿಯರ್ ಬೇಡ, ಬೇಗ ಮಲಗಿ.

ನಾನು ವೈದ್ಯನಲ್ಲ, ಬೆಟ್ಟದ ಪ್ರವಾಸಗಳನ್ನು ಹೊಂದಿಸಿಕೊಡುವವನು. ಅಮ್ಮನ ವಿಷಯದಲ್ಲಿ ನನ್ನ ಮಾತು ವೈದ್ಯರ ಬಳಿ ಹೋಗುವ ಮುನ್ನ ತಲೆಯಲ್ಲಿರಲಿ ಎಂದಷ್ಟೇ. ಎತ್ತರದಲ್ಲಿ ಮೊದಲ ಕೆಲವು ದಿನ ರಕ್ತದೊತ್ತಡ ಸ್ವಲ್ಪ ಏರಬಹುದು, ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಅಳೆಯುವ ಯಂತ್ರ ಚೀಲದಲ್ಲಿರಲಿ. ಮಾತ್ರೆ ಮೂತ್ರ ಹೆಚ್ಚಿಸುವ ಬಗೆಯದ್ದಾದರೆ ಅಲ್ಲಿನ ಒಣ ಹವೆಯಲ್ಲಿ ನಿರ್ಜಲೀಕರಣ ಬೇಗ ಆಗುತ್ತದೆ, ಅದನ್ನು ಮುಂಚೆಯೇ ಕೇಳಿಕೊಳ್ಳಿ. ಬೆಟ್ಟದ ಕಾಯಿಲೆ ತಡೆಯಲು ಅಸೆಟಜೊಲಮೈಡ್ ಎಂಬ ಔಷಧ ಕೊಡುವುದುಂಟು. ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು, ಅಂಗಡಿಯವರ ಅಥವಾ ಗೆಳೆಯರ ಮಾತು ಕೇಳಿ ನುಂಗುವುದು ಬೇಡ. ಊರಿನಲ್ಲಿ ಆಸ್ಪತ್ರೆಯಿದೆ. ನಡೆಯುವಾಗ ತೂರಾಡುವುದು, ಕುಳಿತಲ್ಲೇ ಏದುಸಿರು, ಮಾತು ಗೊಂದಲವಾಗುವುದು ಕಂಡರೆ ಮಾತ್ರ ಕಾದು ನೋಡುವ ಮಾತೇ ಇಲ್ಲ. ತುರ್ತು ನೆರವು ಕರೆಯಿರಿ, ಕೆಳಕ್ಕೆ ಇಳಿಸಿ.

ಅಮ್ಮನನ್ನು ಇಷ್ಟು ಹೆದರಿಸಿದ ಮೇಲೆ ಸಮಾಧಾನಕ್ಕೂ ಒಂದು ಕಥೆ ಬೇಕಲ್ಲ. ಉಗಿ ಕಾರುಗಳಿಂದ ಹೆಸರಾದ ಫ್ರೀಲನ್ ಸ್ಟ್ಯಾನ್ಲಿ 1903ರಲ್ಲಿ ಈ ಊರಿಗೆ ಬಂದದ್ದು ಕ್ಷಯ ರೋಗಿಯಾಗಿ. ಬೆಟ್ಟದ ಹವೆ ಒಗ್ಗಿತು. ಗುಣವಾದ ಖುಷಿಯಲ್ಲಿ ಗುಡ್ಡದ ಮೇಲೆ ಬಿಳಿಯ ದೊಡ್ಡ ಹೋಟೆಲನ್ನೇ ಕಟ್ಟಿಸಿದ, ಅದು 1909ರಲ್ಲಿ ತೆರೆಯಿತು. ಆತ ತೊಂಬತ್ತು ದಾಟಿ ಬದುಕಿದ. ಈಗ ಆ ಹೋಟೆಲಿಗೆ ಜನ ಹೋಗುವುದು ಹೆಚ್ಚಾಗಿ ದೆವ್ವದ ಕಥೆಗಳಿಗಾಗಿ. ನನಗೆ ಅದರ ವರಾಂಡದಿಂದ ಕಾಣುವ ಬೆಟ್ಟಸಾಲೇ ಸಾಕು.

ಇನ್ನು ನೀವು ಕಂಡ ಊರಿಗೂ ಇಂದಿನ ಊರಿಗೂ ಇರುವ ವ್ಯತ್ಯಾಸ. ಅಂದು ಮನಸ್ಸು ಬಂದಾಗ ಎದ್ದು, ತಿಂಡಿ ತಿಂದು, ಹತ್ತು ಗಂಟೆಗೆ ಬೇರ್ ಲೇಕ್ ಕಡೆ ಕಾರು ತಿರುಗಿಸಿರುತ್ತೀರಿ. ಈಗ ಹಾಗಿಲ್ಲ. ಊರಿಗೆ ಅಂಟಿಕೊಂಡಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಹಾಗಾಗಿ ಮೇ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಸಮಯ ಕಾಯ್ದಿರಿಸಿಯೇ ಒಳಗೆ ಹೋಗಬೇಕು. ಇದರಲ್ಲಿ ಎರಡು ಬಗೆ: ಬೇರ್ ಲೇಕ್ ರಸ್ತೆಯನ್ನು ಬಿಟ್ಟು ಉಳಿದ ಉದ್ಯಾನಕ್ಕೆ ‘ಟೈಮ್ಡ್ ಎಂಟ್ರಿ’, ಬೇರ್ ಲೇಕ್ ರಸ್ತೆಯೂ ಸೇರಿದಂತೆ ಬೇಕಾದರೆ ‘ಟೈಮ್ಡ್ ಎಂಟ್ರಿ ಪ್ಲಸ್’. ಮೊದಲನೆಯದು ಬೇಕಾಗುವುದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಮಾತ್ರ. ಎರಡನೆಯದು ಬೆಳಿಗ್ಗೆ ಐದರಿಂದ ಸಂಜೆ ಆರರವರೆಗೆ. ಈ ಗಂಟೆಗಳನ್ನು ಇನ್ನೊಮ್ಮೆ ಓದಿ. ಒಂಬತ್ತರೊಳಗೆ ಗೇಟು ದಾಟುವವನಿಗೆ ಟ್ರೇಲ್ ರಿಡ್ಜ್ ರಸ್ತೆಗೆ ಕಾಯ್ದಿರಿಸುವ ಗೊಡವೆಯೇ ಇಲ್ಲ. ಬೆಳಿಗ್ಗೆ ಬೇಗ ಬಾ ಎಂದು ಬೆಟ್ಟ ಹೇಳುತ್ತಿದ್ದುದನ್ನೇ ಈಗ ಉದ್ಯಾನದವರೂ ಹೇಳುತ್ತಿದ್ದಾರೆ.

ಹಣದ ಮಾತು ಚುಟುಕಾಗಿ. ಕಾರಿಗೆ ಒಂದು ದಿನಕ್ಕೆ 30 ಡಾಲರ್, ಏಳು ದಿನಕ್ಕೆ 35. ಆದರೆ 2026ರ ಜನವರಿಯಿಂದ ಈ ಉದ್ಯಾನವೂ ಸೇರಿದಂತೆ ಹನ್ನೊಂದು ದೊಡ್ಡ ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, ಹದಿನಾರು ತುಂಬಿದ ಪ್ರತಿಯೊಬ್ಬರಿಗೂ ಹೆಚ್ಚುವರಿ 100 ಡಾಲರ್ ಶುಲ್ಕ ಬಂದಿದೆ. ನಿವಾಸಿಗಳಲ್ಲದವರ ವಾರ್ಷಿಕ ಪಾಸ್ 250 ಡಾಲರ್. ಅಮ್ಮ ಪ್ರವಾಸಿ ವೀಸಾದಲ್ಲಿ ಬಂದಿದ್ದರೆ ಇದು ನಿಮಗೂ ತಟ್ಟುವ ವಿಷಯ. ಗುರುತಿನ ಚೀಟಿಗಳು ಕೈಯಲ್ಲಿರಲಿ, ಹೊರಡುವ ವಾರ ಉದ್ಯಾನದ ಅಧಿಕೃತ ಜಾಲತಾಣವನ್ನು ಒಮ್ಮೆ ನೋಡಿ.

ಈಗ ಟ್ರೇಲ್ ರಿಡ್ಜ್. ಅದನ್ನು ಮೂರನೆಯ ದಿನಕ್ಕೆ ಇಡಿ, ಎರಡು ರಾತ್ರಿ 7,500 ಅಡಿಯಲ್ಲಿ ಮಲಗಿ ಎದ್ದ ಮೇಲೆ. ಆರು ಗಂಟೆಗೆ ಹೊರಡಿ. ಜೂನ್ ಕೊನೆಯಲ್ಲಿ ಅಷ್ಟು ಹೊತ್ತಿಗೆ ಚೆನ್ನಾಗಿ ಬೆಳಕಾಗಿರುತ್ತದೆ. ಈ ರಸ್ತೆ 1932ರಲ್ಲಿ ತೆರೆದದ್ದು, ಎಸ್ಟೆಸ್ ಪಾರ್ಕ್‌ನಿಂದ ಗ್ರ್ಯಾಂಡ್ ಲೇಕ್‌ವರೆಗೆ 48 ಮೈಲಿ. ಅದರಲ್ಲಿ ಹನ್ನೊಂದು ಮೈಲಿ ಮರಗಳು ಬೆಳೆಯಲಾರದ ಎತ್ತರದಲ್ಲೇ ಸಾಗುತ್ತದೆ. ಒಂದು ತಿರುವಿನವರೆಗೆ ಸ್ಪ್ರೂಸ್ ಮರಗಳಿರುತ್ತವೆ, ಮುಂದಿನದರಲ್ಲಿ ಗಾಳಿಗೆ ಒಂದೇ ಕಡೆ ಬಾಚಿಕೊಂಡ ಕುಳ್ಳ ಪೊದೆಗಳು, ಅದರಾಚೆ ಬರೀ ಹುಲ್ಲು, ಕಲ್ಲು, ಆಕಾಶ. ಊರಿಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಿರುತ್ತದೆ. ಜೂನ್ ಎಂದು ನಂಬಿ ಅಮ್ಮನ ಸ್ವೆಟರನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ.

ರಾಕ್ ಕಟ್ ಎಂಬಲ್ಲಿ ನಿಲ್ಲಿ. ಅಮ್ಮ ಕಾರಿನಲ್ಲೇ ಕುಳಿತು ನೋಡಬಹುದು, ಮಕ್ಕಳನ್ನು ಹಾದಿಯ ಮೇಲೆ ನಿಧಾನವಾಗಿ ನಡೆಸಿ ಮಂಡಿಯೂರಲು ಹೇಳಿ. ಅಂಗೈಯಗಲದ ಹಸಿರು ಮೆತ್ತೆ, ಅದರ ಮೇಲೆ ಗುಂಡುಸೂಜಿಯ ತಲೆಯಷ್ಟೇ ಎನ್ನಿಸುವ ಗುಲಾಬಿ ಹೂಗಳು. ಅದು ಮಾಸ್ ಕ್ಯಾಂಪಿಯನ್. ಅಷ್ಟಗಲ ಹರಡಲು ಹತ್ತಾರು ವರ್ಷ ಹಿಡಿದಿರುತ್ತದೆ, ಒಂದು ಶೂ ಅದನ್ನು ಒಂದೇ ಕ್ಷಣದಲ್ಲಿ ಹಾಳುಮಾಡುತ್ತದೆ. ಪಕ್ಕದಲ್ಲೇ ಹಳದಿ ಸೂರ್ಯಕಾಂತಿಗಳು, ಸೂರ್ಯನನ್ನು ಹಿಂಬಾಲಿಸದೆ ಸದಾ ಪೂರ್ವಕ್ಕೇ ಮುಖ ಮಾಡಿ ನಿಂತಿರುತ್ತವೆ. ದಾರಿ ತಪ್ಪಿದರೆ ದಿಕ್ಕು ಕೇಳಬಹುದು. ಬಂಡೆಗಳ ಸಂದಿನಿಂದ ‘ಈಪ್’ ಎಂಬ ಚೂಪು ದನಿ ಬಂದರೆ ಅಲ್ಲಾಡದೆ ನಿಲ್ಲಿ. ಮುಷ್ಟಿಯಷ್ಟು ದಪ್ಪದ, ಗುಂಡು ಕಿವಿಯ, ಬಾಲವೇ ಕಾಣದ ಪೈಕಾ ಹೊರಬರುತ್ತದೆ. ನೋಡಲು ಇಲಿ, ನೆಂಟಸ್ತಿಕೆ ಮೊಲದ ಜೊತೆ. ಅದು ಚಳಿಗಾಲವಿಡೀ ನಿದ್ದೆ ಹೋಗುವುದಿಲ್ಲ, ಬೇಸಿಗೆಯಲ್ಲೇ ಹುಲ್ಲು ಕೊಯ್ದು ಒಣಗಿಸಿ ಬಂಡೆಯಡಿ ಬಣವೆ ಒಟ್ಟಿಕೊಳ್ಳುತ್ತದೆ. ಬಾಯಿ ತುಂಬ ಹುಲ್ಲು ಕಚ್ಚಿ ಮೀಸೆ ಬಂದಂತೆ ಓಡುವುದನ್ನು ನೋಡಿದ ಮೇಲೆ ನನ್ನ ಮಗಳು ಆ ದಿನ ಬೇರೇನನ್ನೂ ಕೇಳಲಿಲ್ಲ. ಇದು ಎರಡನೆಯ ಬಾರಿಯ ಪ್ರವಾಸದ ಮಾತು, ಬೆಳಗಿನ ಏಳೂವರೆಗೆ.

ಈ ಏಣಿನ ಮೇಲೆ ಕಾರುಗಳಿಗೂ ಬಹಳ ಮೊದಲು ಯೂಟ್ ಮತ್ತು ಅರಪಹೊ ಜನರ ಕಾಲುದಾರಿಯಿತ್ತು. ಅರಪಹೊ ಭಾಷೆಯ ಅದರ ಹೆಸರಿಗೆ ‘ಮಕ್ಕಳು ನಡೆದ ದಾರಿ’ ಎಂದರ್ಥ. ಎತ್ತಿಕೊಂಡು ಹೋಗಲಾರದಷ್ಟು ಕಡಿದಾಗಿದ್ದುದರಿಂದ ಮಕ್ಕಳೂ ನಡೆಯಲೇಬೇಕಿತ್ತಂತೆ. ‘ಎತ್ತಿಕೋ’ ಎಂಬ ಕೂಗು ಎದ್ದಾಗ ಕಿರಿಯವನಿಗೆ ಹೇಳಿ ನೋಡಿ, ನನಗೆ ಅರ್ಧ ಮೈಲಿಯಷ್ಟು ಕೆಲಸ ಮಾಡಿದೆ.

ಮುಂದೆ 10,759 ಅಡಿಯ ಮಿಲ್ನರ್ ಪಾಸ್‌ವರೆಗೆ ಹೋಗಿ ತಿರುಗಿ. ರಸ್ತೆಯ ತುದಿಗಿಂತ ಸಾವಿರದ ನಾನೂರು ಅಡಿ ಕೆಳಗಿರುವ ಈ ಕಣಿವೆಬಾಯಿಯೇ ಖಂಡದ ಜಲವಿಭಾಜಕ: ಇತ್ತ ಬಿದ್ದ ಮಳೆ ಅಟ್ಲಾಂಟಿಕ್ ಕಡೆಗೆ, ಅತ್ತ ಬಿದ್ದದ್ದು ಪೆಸಿಫಿಕ್ ಕಡೆಗೆ. ಗ್ರ್ಯಾಂಡ್ ಲೇಕ್ ಬೇಡವೆನ್ನುವುದು ಅದು ಚೆನ್ನಾಗಿಲ್ಲವೆಂದಲ್ಲ. ಅಲ್ಲಿಗೆ ಹೋದರೆ ಹಿಂದಿರುಗುವಾಗ ಮಧ್ಯಾಹ್ನವೇ ನೆತ್ತಿ ದಾಟಬೇಕಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಮೋಡ ಕಟ್ಟಿ ಸಿಡಿಲು ಹೊಡೆಯುವುದು ಹೆಚ್ಚಾಗಿ ಮಧ್ಯಾಹ್ನದ ನಂತರವೇ. ಮರಗಳಿಲ್ಲದ ಆ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. 2014ರ ಜುಲೈನಲ್ಲಿ ಈ ರಸ್ತೆಯ ಆಸುಪಾಸಿನಲ್ಲಿ ಒಂದರ ಹಿಂದೊಂದು ದಿನ ಸಿಡಿಲಿಗೆ ಇಬ್ಬರು ಬಲಿಯಾದರು. ಗುಡುಗು ಕೇಳಿದರೆ ಇನ್ನೊಂದು ಚಿತ್ರ ತೆಗೆಯುವ ಆಸೆ ಬಿಟ್ಟು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಳ್ಳಿ. ಹನ್ನೊಂದಕ್ಕೆ ಇಳಿಯತೊಡಗಿ, ಗೇರು ತಗ್ಗಿಸಿ. ಬ್ರೇಕನ್ನೇ ಒತ್ತಿ ಹಿಡಿದು ಇಳಿದರೆ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬರುತ್ತದೆ.

ಬೇರ್ ಲೇಕ್ ಎರಡನೆಯ ಬೆಳಗಿಗೆ. ಏಳು ಗಂಟೆಯ ‘ಪ್ಲಸ್’ ಸಿಕ್ಕರೆ ಉತ್ತಮ. ಕೆರೆಯ ಬಳಿಯ ನಿಲುಗಡೆ ಜಾಗ ಬೇಗ ತುಂಬುತ್ತದೆ, ಆಗ ಕೆಳಗಿನ ನಿಲುಗಡೆಯಲ್ಲಿ ಕಾರು ಬಿಟ್ಟು ಉದ್ಯಾನದ ಬಸ್ ಹಿಡಿಯಿರಿ. ದಾರಿಯಲ್ಲಿ ಸಿಗುವ ಸ್ಪ್ರೇಗ್ ಲೇಕ್ ಸುತ್ತ ಮುಕ್ಕಾಲು ಮೈಲಿಯ ಸಮತಟ್ಟಾದ ಹಾದಿಯಿದೆ, ಗಾಲಿಕುರ್ಚಿಯೂ ಹೋಗುತ್ತದೆ. ಅಮ್ಮನಿಗೆ ಅದೇ ಹೇಳಿ ಮಾಡಿಸಿದ್ದು, ನಡುನಡುವೆ ಬೆಂಚುಗಳಿವೆ. ಬೇರ್ ಲೇಕ್‌ನಿಂದ ಅರ್ಧ ಮೈಲಿ ಹತ್ತಿದರೆ ನಿಂಫ್ ಲೇಕ್, ಸುಮಾರು 1.1 ಮೈಲಿಗೆ ಡ್ರೀಮ್ ಲೇಕ್. ಎಮೆರಾಲ್ಡ್ ಲೇಕ್ 10,110 ಅಡಿಯಲ್ಲಿದೆ, ಒಂದು ಕಡೆಗೇ 1.8 ಮೈಲಿ, ಜೂನ್‌ನಲ್ಲಿ ಹಾದಿಯಲ್ಲಿ ಹಿಮ ಉಳಿದಿರುವುದುಂಟು. ಡ್ರೀಮ್ ಲೇಕ್ ದಂಡೆಯಲ್ಲಿ ಕಿರಿಯವನ ಮುಖ ನೋಡಿ ತೀರ್ಮಾನಿಸಿ. ನೀವು ಅಂದು ಎಮೆರಾಲ್ಡ್ ಮುಟ್ಟಿದ್ದಿರಬಹುದು. ಅವನಿಗೆ ಅದರ ಹಂಗಿಲ್ಲ.

ಪೈಕ್ಸ್ ಪೀಕ್ ಮತ್ತು ಡೆನ್ವರ್ ಎರಡನ್ನೂ ಹೊಡೆದುಹಾಕಿ. ಒಂದು 14,115 ಅಡಿ, ಅದರ ಬುಡಕ್ಕೆ ಹೋಗಲೇ ಎರಡೂವರೆ ಗಂಟೆ, ಬರಲು ಮತ್ತೆರಡೂವರೆ. ಇನ್ನೊಂದನ್ನು ಯಾವಾಗ ಬೇಕಾದರೂ ನೋಡಬಹುದು.

ಹಾಗಾದರೆ ಮಧ್ಯಾಹ್ನಗಳಲ್ಲಿ ಏನು ಮಾಡುವುದು? ಊರಿನಲ್ಲಿರುವುದು. ಇಲ್ಲಿನ ‘ಪಾರ್ಕ್’ ಉದ್ಯಾನವಲ್ಲ, ಸುತ್ತ ಬೆಟ್ಟವಿರುವ ಅಗಲವಾದ ಹುಲ್ಲುಕಣಿವೆಗೆ ಈ ಸೀಮೆಯವರ ಮಾತು. ಎಸ್ಟೆಸ್ ಎಂಬ ಕುಟುಂಬ 1860ರ ಹೊತ್ತಿಗೆ ಇಲ್ಲಿ ನೆಲೆಸಿದ್ದರಿಂದ ಆ ಹೆಸರು. ಪೇಟೆಬೀದಿಯ ಹಿಂದೆ ನದಿಯ ದಂಡೆಯಲ್ಲೇ ನಡೆಯಬಹುದು. ಲೇಕ್ ಎಸ್ಟೆಸ್ ಸುತ್ತ ಮೂರೂಮುಕ್ಕಾಲು ಮೈಲಿಯ ನುಣುಪು ಹಾದಿಯಿದೆ, ಅದಕ್ಕೆ ಕಾಯ್ದಿರಿಸಬೇಕಾಗಿಲ್ಲ. ಆ ನೀರು ಬಂದದ್ದು ಎಲ್ಲಿಂದ ಎಂದು ಹನ್ನೊಂದರ ಮಗುವನ್ನು ಕೇಳಿ. ಮಿಲ್ನರ್ ಪಾಸ್‌ನಲ್ಲಿ ಬೆಟ್ಟ ಅತ್ತ ಕಳುಹಿಸಿದ ನೀರನ್ನು 13.1 ಮೈಲಿಯ ಸುರಂಗ ಕೊರೆದು, ಅದೇ ಬೆಟ್ಟದ ಅಡಿಯಿಂದ 1947ರಲ್ಲಿ ಇತ್ತ ತಿರುಗಿಸಿದರು. ಎರಡು ಗಂಟೆಯ ನಂತರ ಉದ್ಯಾನದೊಳಗಿನ ಅಲುವಿಯಲ್ ಫ್ಯಾನ್‌ಗೂ ಹೋಗಬಹುದು. 1982ರ ಜುಲೈ 15ರಂದು ಮೇಲಿನ ಲಾನ್ ಲೇಕ್‌ನ ಹಳೆಯ ಮಣ್ಣಿನ ಅಣೆಕಟ್ಟು ಒಡೆದಾಗ ಉರುಳಿ ಬಂದ ಬಂಡೆಗಳ ರಾಶಿ ಅದು. ಮೂವರು ಸತ್ತರು. ಮೋಡವಿದ್ದರೆ ಅತ್ತ ಬೇಡ. ಲವ್‌ಲ್ಯಾಂಡ್ ಕಡೆಯಿಂದ ಬಂದರೆ ಬಿಗ್ ಥಾಂಪ್ಸನ್ ಕಣಿವೆಯಲ್ಲಿ ‘ಪ್ರವಾಹ ಬಂದರೆ ಬೆಟ್ಟ ಹತ್ತಿ’ ಎಂಬ ಫಲಕಗಳು ಕಾಣುತ್ತವೆ. 1976ರ ಜುಲೈ 31ರ ಸಂಜೆ ಕೆಲವೇ ಗಂಟೆಗಳಲ್ಲಿ ಹನ್ನೆರಡು ಇಂಚಿನಷ್ಟು ಮಳೆ ಸುರಿದು ಆ ಕಣಿವೆಯಲ್ಲಿ 140ಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಕಾರಿನಲ್ಲಿ ಪಾರಾಗಲು ಹೊರಟವರಲ್ಲಿ ಹಲವರು ಉಳಿಯಲಿಲ್ಲ.

ಎಲ್ಕ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ನಮ್ಮ ಕಡವೆಯ ನೆಂಟ, ಅದಕ್ಕಿಂತ ಭಾರಿ. ಬೇಟೆಗೆ ಸಿಕ್ಕಿ ಇಲ್ಲಿ ಬಹುಮಟ್ಟಿಗೆ ಇಲ್ಲವಾಗಿದ್ದವು, 1913 ಮತ್ತು 1914ರಲ್ಲಿ ಯೆಲ್ಲೊಸ್ಟೋನ್‌ನಿಂದ ತಂದು ಬಿಟ್ಟರು. ಈಗ ಊರ ಹುಲ್ಲುಹಾಸುಗಳ ಮೇಲೆ ದನಗಳಂತೆ ಮೇಯುತ್ತವೆ, ದನವೆಂದೇ ಜನ ಹತ್ತಿರ ಹೋಗುತ್ತಾರೆ. ಜೂನ್ ಅವು ಮರಿ ಹಾಕುವ ಕಾಲ. ತಾಯಿ ಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟು ದೂರದಲ್ಲಿ ಮೇಯುತ್ತಿರುತ್ತದೆ. ಪೊದೆಯತ್ತ ಓಡುವ ಮಗು ಅದರ ಕಣ್ಣಿಗೆ ತೋಳ. 2024ರಲ್ಲಿ ಒಂದೇ ವಾರದೊಳಗೆ ಈ ಊರಿನಲ್ಲೇ ಇಬ್ಬರು ಮಕ್ಕಳ ಮೇಲೆ ಎಲ್ಕ್ ಎರಗಿತ್ತು, ಒಂದು ಮಗು ಇದ್ದದ್ದು ಆಟದ ಮೈದಾನದ ಬಳಿ. ಕನಿಷ್ಠ 75 ಅಡಿ, ಅಂದರೆ ಎರಡು ಬಸ್ಸುಗಳಷ್ಟು ದೂರ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ.

ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದರೆ ಪ್ರೆಷರ್ ಕುಕ್ಕರ್ ಮರೆಯಬೇಡಿ. ಅಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಉಳಿದು ಸೌಟಿಗೆ ತಗಲುತ್ತದೆ. ನನ್ನ ಹೆಂಡತಿ ಒಂದೂವರೆ ಗಂಟೆ ಕಾದು ಕೊನೆಗೆ ಅದನ್ನೇ ಉಸಲಿ ಎಂದು ಬಡಿಸಿದಳು. ಬೇಳೆಯೋ ಬಿಸ್ಕತ್ತೋ, ಯಾವುದೂ ರಾತ್ರಿ ಕಾರಿನಲ್ಲಿ ಉಳಿಯಬಾರದು. ಅಲ್ಲಿನ ಕರಡಿಗಳಿಗೆ ಕಾರಿನ ಬಾಗಿಲು ತೆರೆಯಲು ಬರುತ್ತದೆ.

ಕಾಡಿನ ಕೆಲವು ಇಳಿಜಾರುಗಳಲ್ಲಿ ಕರಿ ಕಂಬಗಳಂತೆ ನಿಂತ ಮರಗಳನ್ನು ನೋಡಿ ನಿಮಗೆ ಬೇಸರವಾಗಬಹುದು. 2020ರ ಅಕ್ಟೋಬರ್‌ನಲ್ಲಿ ಕಾಳ್ಗಿಚ್ಚು ಜಲವಿಭಾಜಕವನ್ನೇ ಹಾರಿ ಇತ್ತ ಬಂದಿತ್ತು, ಊರಿಗೆ ಊರೇ ಖಾಲಿ ಮಾಡಬೇಕಾಯಿತು. ಮಕ್ಕಳಿಗೆ ಅದು ಸುಟ್ಟ ಕಾಡಾಗಿ ಕಾಣುವುದಿಲ್ಲ, ಅವರು ನೋಡುತ್ತಿರುವುದೇ ಮೊದಲ ಸಲ. ನಡುವೆ ಎದ್ದಿರುವ ಹೂಗಳತ್ತಲೇ ಓಡುತ್ತಾರೆ.

ಮೊದಲು ಮಾಡಬೇಕಾದದ್ದು ಒಂದೇ. ಇತ್ತೀಚಿನ ವರ್ಷಗಳಲ್ಲಿ ಜೂನ್ ತಿಂಗಳ ಕಾಯ್ದಿರಿಸುವಿಕೆ ತೆರೆಯುತ್ತಿರುವುದು ಮೇ 1ರ ಬೆಳಿಗ್ಗೆ ಎಂಟಕ್ಕೆ, ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ. ಬೇರ್ ಲೇಕ್‌ನ ಬೆಳಗಿನ ಹೊತ್ತುಗಳು ಬೇಗ ಮುಗಿಯುತ್ತವೆ. ತಪ್ಪಿದರೆ ಹಿಂದಿನ ಸಂಜೆ ಏಳಕ್ಕೆ ಒಂದಷ್ಟು ಬಿಡುತ್ತಾರೆ. ಎರಡೂ ಕೊಲೊರಾಡೊದ ಗಡಿಯಾರ. ಆ ಬೆಳಗಿನ ಎಂಟು ಎಂದರೆ ಡಲ್ಲಾಸ್‌ನಲ್ಲಿ ಒಂಬತ್ತು.